ಆಸ್ಪತ್ರೆ ಕೌಂಟರಿನ ಈಚೆ ನಿಂತವರಿಗೆ: ತುಮಕೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಹೇಳೋಕೆ ನೀವ್ಯಾರು?

ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಒಂಬತ್ತು ವರ್ಷ ಬಿಲ್ಲಿಂಗ್ ಕೌಂಟರಿನಲ್ಲಿ ಕೂತಿದ್ದವಳು ನಾನು. ಈಗ ಆ ಕೆಲಸದಲ್ಲಿಲ್ಲ. ಆದರೂ ನಮ್ಮ ಬೀದಿಯಲ್ಲಿ ಯಾರು ಆಸ್ಪತ್ರೆ ಸೇರಿದರೂ ಅವರ ಬಿಲ್ಲು ಒಂದು ಸಲ ನಮ್ಮ ಮನೆಗೆ ಬಂದು ಹೋಗುತ್ತದೆ. "ಅಕ್ಕಾ, ಇದೊಂಚೂರು ನೋಡಿ ಹೇಳಿ" ಅಂತ ಬಾಗಿಲಲ್ಲೇ ನಿಲ್ಲುತ್ತಾರೆ. ಹಾಗೆ ಬಂದವರು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಎರಡು ವರ್ಷದ ಹಿಂದೆ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಗಾಜಿನ ಈಚೆ ಕಡೆ ನಿಲ್ಲುವ ಸರದಿ ನನ್ನದಾಯಿತು. ಬಿಲ್ಲಿನ ಒಂದೊಂದು ಸಾಲೂ ಗೊತ್ತಿದ್ದ ನನಗೇ ಬಾಯಿ ಬಿಟ್ಟು ಕೇಳೋಕೆ ಧೈರ್ಯ ಬರಲಿಲ್ಲ. ಒಳಗೆ ಮಲಗಿರುವುದು ನಮ್ಮವರು, ಇವರನ್ನು ಕೆಣಕಿದರೆ ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಅನ್ನುವ ಅಳುಕು. ಒಂಬತ್ತು ವರ್ಷ ನನ್ನ ಮುಂದೆ ಸುಮ್ನೆ ದುಡ್ಡು ಎಣಿಸಿಟ್ಟು ಹೋದವರು ಯಾಕೆ ಸುಮ್ನಿದ್ದರು ಅಂತ ಆವತ್ತು ಅರ್ಥವಾಯಿತು.

ಹತ್ತು ಗಂಟೆಗೆ ಬನ್ನಿ ಅಂದರು. ಡಾಕ್ಟರು ಬಂದಿದ್ದು ಹನ್ನೆರಡೂವರೆಗೆ. ಇದಕ್ಕೇನು ಮಾಡೋದು?

ನಮ್ಮೂರಿನ ಎಷ್ಟೋ ಕಡೆ ದೊಡ್ಡ ಡಾಕ್ಟರುಗಳು ಬೆಂಗಳೂರಿನಿಂದ ವಾರಕ್ಕೆ ಒಂದೆರಡು ದಿನ ಬಂದು ಹೋಗುವವರು. ಎಪ್ಪತ್ತು ಕಿಲೋಮೀಟರ್ ದಾರಿ, ನೆಲಮಂಗಲದ ಟ್ರಾಫಿಕ್ಕು ಬೇರೆ. ಅವರು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೌಂಟರಿನವರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲ ಅಂತ ಹೇಳುವ ಬದಲು "ಬರ್ತಾರೆ ಕೂತ್ಕೊಳ್ಳಿ" ಅನ್ನುತ್ತೇವೆ. ತಪ್ಪು ನಮ್ಮದೇ.

ಹಿಂದಿನ ದಿನ ಫೋನ್ ಮಾಡಿದಾಗ "ಟೋಕನ್ ಎಷ್ಟನೇದು, ಡಾಕ್ಟರು ಒಳಗೆ ಕೂರೋದು ಎಷ್ಟು ಗಂಟೆಗೆ" ಅಂತ ಎರಡನ್ನೂ ಬೇರೆ ಬೇರೆ ಕೇಳಿ. ಪಾವಗಡದಿಂದ ಬೆಳಗಿನ ಜಾವದ ಬಸ್ಸಿಗೆ ಬರುವವರು "ನಾವು ನೂರು ಕಿಲೋಮೀಟರ್ ದೂರದಿಂದ ಬರ್ತೀವಿ, ವಾಪಸ್ ಬಸ್ಸು ಹಿಡೀಬೇಕು" ಅಂತ ಮೊದಲೇ ಹೇಳಿದರೆ ಟೋಕನ್ ಮುಂದೆ ಹಾಕಿಕೊಡುವ ಅಭ್ಯಾಸ ನಮ್ಮಲ್ಲಿತ್ತು. ಬಹಳ ಕಡೆ ಇದೆ. ಕೇಳದವರಿಗೆ ಸಿಗುವುದಿಲ್ಲ, ಅಷ್ಟೇ.

ಮೊನ್ನೆ ತಾನೇ ಫೀಸು ಕೊಟ್ಟಿದ್ದೆವು. ರಿಪೋರ್ಟ್ ತೋರಿಸೋಕೆ ಮತ್ತೆ ಫೀಸಾ?

ಇದಕ್ಕೆ ಒಂದೇ ನಿಯಮ ಅಂತ ಇಲ್ಲ. ಕೆಲವು ಕಡೆ ಒಂದು ವಾರ, ಕೆಲವು ಕಡೆ ಮೂರೇ ದಿನ ಚೀಟಿ ನಡೆಯುತ್ತದೆ. ಫೀಸು ಕೊಡುವಾಗಲೇ "ಈ ಚೀಟಿ ಎಲ್ಲೀವರೆಗೆ ನಡೆಯುತ್ತೆ" ಅಂತ ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ರಿಪೋರ್ಟ್ ಬರುವುದೇ ತಡವಾಗಿ ದಿನ ದಾಟಿದ್ದರೆ ಮತ್ತೆ ಫೀಸು ಕೊಡಬೇಕಿಲ್ಲ ಅಂತ ವಾದಿಸಿ. ನ್ಯಾಯವಾದ ವಾದ ಅದು. ನಾನಂತೂ ಯಾವತ್ತೂ ತೆಗೆದುಕೊಂಡಿಲ್ಲ.

ತುರ್ತಾಗಿ ಕರಕೊಂಡು ಹೋದಾಗ ಅಡ್ವಾನ್ಸ್ ಕಟ್ಟದೆ ಒಳಗೆ ಬಿಡಲ್ಲ ಅಂದರೆ?

ಹಾಗೆ ಹೇಳುವಂತಿಲ್ಲ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್‌ಗಳಿಗೆಲ್ಲ ಅನ್ವಯಿಸುವ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ 2007ರದ್ದು. 2017ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಆ ನವೆಂಬರ್‌ನಲ್ಲಿ ಖಾಸಗಿ ಡಾಕ್ಟರುಗಳು ಆಸ್ಪತ್ರೆ ಬಾಗಿಲು ಹಾಕಿ ಮುಷ್ಕರ ಮಾಡಿದ್ದು ಬಹಳ ಜನಕ್ಕೆ ನೆನಪಿರಬಹುದು. ಅದು ಇದೇ ತಿದ್ದುಪಡಿಗೆ. ಅದರ ಪ್ರಕಾರ ತುರ್ತು ಸಂದರ್ಭದಲ್ಲಿ ಮೊದಲು ದುಡ್ಡು ಅಂತ ಪಟ್ಟು ಹಿಡಿಯುವಂತಿಲ್ಲ. ತುರ್ತು ಚಿಕಿತ್ಸೆ ಪ್ರತಿಯೊಬ್ಬ ಡಾಕ್ಟರ ಕರ್ತವ್ಯ ಅಂತ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿಯಾಗಿದೆ.

ರಸ್ತೆ ಅಪಘಾತವಾದರೆ ಇನ್ನೊಂದು ವಿಷಯ ಇದೆ. 2016ರ ಫೆಬ್ರವರಿಯಲ್ಲಿ ಗುಬ್ಬಿಯಿಂದ ಬೈಕಿನಲ್ಲಿ ಹೊರಟ ಹರೀಶ್ ನಂಜಪ್ಪ ಅನ್ನುವ ಹುಡುಗ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ, ಜೀವ ಹೋಗುವಾಗಲೂ ನನ್ನ ಅಂಗಾಂಗ ದಾನ ಮಾಡಿ ಅಂದಿದ್ದ. ನಮ್ಮ ಜಿಲ್ಲೆಯವರು ಅದನ್ನು ಮರೆತಿಲ್ಲ. ಅವನ ಹೆಸರಿನಲ್ಲೇ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂದಿತು. ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಅಂತ ಅದನ್ನು ಶುರುಮಾಡಿದರು. 2025ರ ಮೇ ತಿಂಗಳಿಂದ ಕೇಂದ್ರದ್ದೂ ಒಂದು ಯೋಜನೆ ಇದೆ. ಅಪಘಾತವಾದ ದಿನದಿಂದ 7 ದಿನದವರೆಗೆ, ಒಬ್ಬರಿಗೆ 1.5 ಲಕ್ಷದವರೆಗೆ ನಗದಿಲ್ಲದೆ ಚಿಕಿತ್ಸೆ. ಕೌಂಟರಿನವರು ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ. ನೀವೇ ಕೇಳಿ.

ತುರ್ತಲ್ಲದಿದ್ದರೆ ಅಡ್ವಾನ್ಸ್ ಕೇಳುವುದು ಸಹಜ. ಎಷ್ಟೇ ಸಣ್ಣ ಮೊತ್ತವಾದರೂ ರಸೀದಿ ತೆಗೆದುಕೊಳ್ಳಿ. ರಾತ್ರಿ ಎರಡು ಗಂಟೆಗೆ ಕಟ್ಟಿ, ಬಿಳಿ ಚೀಟಿಯಲ್ಲಿ ಬರೆಸಿಕೊಂಡು ಹೋದ ಐದು ಸಾವಿರ ಬೆಳಿಗ್ಗೆ ಡ್ಯೂಟಿ ಬದಲಾದಾಗ ಕಂಪ್ಯೂಟರಿಗೆ ಹತ್ತದೇ ಉಳಿದಿದ್ದನ್ನು ನೋಡಿದ್ದೇನೆ. ಒಂದೇ ಚಿಕಿತ್ಸೆಗೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ಪಡೆಯುವಂತಿಲ್ಲ ಅಂತ ಆದಾಯ ತೆರಿಗೆ ನಿಯಮ ಇದೆ. "ಕ್ಯಾಶ್ ಆದ್ರೆ ಸ್ವಲ್ಪ ಕಡಿಮೆ ಮಾಡ್ತೀವಿ" ಅಂದರೆ ಹುಷಾರಾಗಿರಿ. ಮುಂದೆ ತಕರಾರು ಬಂದರೆ ತೋರಿಸೋಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಎಷ್ಟಾಗುತ್ತೆ ಅಂತ ಮೊದಲೇ ಹೇಳ್ತಾರಾ?

ಹೇಳಬೇಕು. ದರಪಟ್ಟಿಯನ್ನು ಜನಕ್ಕೆ ಕಾಣುವ ಹಾಗೆ ಹಾಕಬೇಕು, ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಅನ್ನುವುದೂ ಕೆಪಿಎಂಇ ಕಾಯ್ದೆಯಲ್ಲೇ ಇದೆ. ಎಷ್ಟೋ ಕಡೆ ಅದು ನೀರಿನ ಫಿಲ್ಟರ್ ಹಿಂದೆಯೋ ಲಿಫ್ಟಿನ ಪಕ್ಕದ ಕತ್ತಲೆಯಲ್ಲೋ ಇರುತ್ತದೆ. ಹುಡುಕಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ.

ಆಪರೇಷನ್ ಆದರೆ ಅಂದಾಜು ಬಿಲ್ಲನ್ನು ಬರೆದು ಕೊಡಿ ಅಂತ ಕೇಳಿ. ಬಾಯಲ್ಲಿ ಹೇಳಿದ "ಒಂದು ಅರವತ್ತು ಅರವತ್ತೈದು ಆಗ್ಬೋದು" ಲೆಕ್ಕಕ್ಕಿಲ್ಲ. ಅದರಲ್ಲಿ ಔಷಧಿ ಸೇರಿದೆಯಾ, ಅನಸ್ತೇಷಿಯಾ ಡಾಕ್ಟರ ಫೀಸು ಸೇರಿದೆಯಾ, ಎಷ್ಟು ದಿನದ ರೂಮ್ ಬಾಡಿಗೆ ಸೇರಿದೆ, ಈ ಮೂರನ್ನು ಕೇಳಿದರೆ ಸಾಕು. ಹೇಳಿದ್ದಕ್ಕೂ ಕೊನೆಗೆ ಆದದ್ದಕ್ಕೂ ವ್ಯತ್ಯಾಸ ಬರುವುದು ಹೆಚ್ಚಾಗಿ ಈ ಮೂರರಲ್ಲೇ.

ಬಿಲ್ಲಿನಲ್ಲಿ ಇಷ್ಟೆಲ್ಲ ಏನೇನೋ ಇದೆ. ಮೋಸ ಎಲ್ಲಿರುತ್ತೆ?

ಅಕ್ಕಪಕ್ಕದವರು ಮೊದಲು ಕೇಳುವುದೇ ಇದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಿಲ್ಲು ಡಿಸ್ಚಾರ್ಜ್ ದಿನ ಮಾಡುವುದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದು ಮೊದಲ ದಿನದಿಂದಲೇ ಬೆಳೆಯುತ್ತಾ ಹೋಗುತ್ತದೆ. ಡಾಕ್ಟರು ರೌಂಡ್ಸಿಗೆ ಬಂದು ಹೋದ ಮೇಲೆ ಸಿಸ್ಟರ್ ಕೇಸ್ ಶೀಟ್ (ರೋಗಿಯ ಚಿಕಿತ್ಸೆಯ ದಾಖಲೆ) ನೋಡಿ ಔಷಧಿಗೆ ಇಂಡೆಂಟ್, ಅಂದರೆ ಬೇಕಾದವುಗಳ ಪಟ್ಟಿ, ಹಾಕುತ್ತಾರೆ. ಕೆಳಗೆ ಮೆಡಿಕಲ್ಸ್‌ನಲ್ಲಿ ಅದು ಬಿಲ್ ಆಗುತ್ತದೆ. ರಕ್ತ ತೆಗೆದುಕೊಂಡು ಹೋದರೆ ಲ್ಯಾಬಿನಲ್ಲಿ ಒಂದು ಸಾಲು. ಡ್ಯೂಟಿ ಡಾಕ್ಟರು ಬಂದರೆ ಒಂದು ಸಾಲು. ಕೊನೆ ದಿನ ಕೌಂಟರಿನವರು ಮಾಡುವುದು ಇವನ್ನೆಲ್ಲ ಒಂದು ಕಡೆ ಕೂಡಿಸುವುದು ಮಾತ್ರ. ಆದ್ದರಿಂದ ಕೊನೆ ದಿನ ಕೌಂಟರಿನಲ್ಲಿ ನಿಂತು "ಇಷ್ಟೊಂದಾ?" ಅಂತ ಜಗಳ ಆಡಿದರೆ, ಅಲ್ಲಿ ಕೂತಿರುವ ಹುಡುಗಿಗೆ ಉತ್ತರವೇ ಗೊತ್ತಿರುವುದಿಲ್ಲ. ಅವಳು ವಾರ್ಡಿಗೆ ಒಂದು ದಿನವೂ ಹೋದವಳಲ್ಲ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ. ದಿನಾ ಸಂಜೆ ಕೌಂಟರಿಗೆ ಹೋಗಿ ಇವತ್ತಿನವರೆಗಿನ ಬಿಲ್ಲು ತೋರಿಸಿ ಅನ್ನಿ. ಕಂಪ್ಯೂಟರ್ ಇರುವ ಕಡೆಯೆಲ್ಲ ಎರಡು ನಿಮಿಷದ ಕೆಲಸ ಅದು. ಇವತ್ತು ಬಂದ ತಪ್ಪನ್ನು ಇವತ್ತೇ ತೋರಿಸಿದರೆ ಡ್ಯೂಟಿಯಲ್ಲಿದ್ದ ಸಿಸ್ಟರ್ ಅಲ್ಲೇ ಇರುತ್ತಾರೆ. "ಹೌದಲ್ಲ, ಅದು ಪಕ್ಕದ ಬೆಡ್ಡಿನದು" ಅಂತ ತೆಗೆದುಬಿಡುತ್ತಾರೆ. ಐದು ದಿನ ಬಿಟ್ಟು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಜಾಸ್ತಿ ತಪ್ಪು ಬರುವುದು ಔಷಧಿಯಲ್ಲಿ. ಬೇಕಂತಲೇ ಮಾಡುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಾನು ಕಂಡ ಮಟ್ಟಿಗೆ ದೊಡ್ಡ ಸೋರಿಕೆ ಅಂದರೆ ವಾಪಸ್ ಹೋಗದ ಔಷಧಿ. ಐದು ದಿನಕ್ಕೆ ಅಂತ ಇಂಜೆಕ್ಷನ್ ತರಿಸಿರುತ್ತಾರೆ. ಮೂರನೇ ದಿನ ಡಾಕ್ಟರು ಮಾತ್ರೆಗೆ ಬದಲಾಯಿಸುತ್ತಾರೆ. ಉಳಿದ ಇಂಜೆಕ್ಷನ್ನು, ಸಿರಿಂಜು, ಗ್ಲೌಸು, ಗ್ಲೂಕೋಸ್ ಬಾಟಲಿ ವಾರ್ಡಿನ ಟ್ರೇನಲ್ಲೇ ಇರುತ್ತವೆ. ಯಾರಾದರೂ ನೆನಪಿಟ್ಟು ಮೆಡಿಕಲ್ಸ್‌ಗೆ ರಿಟರ್ನ್ ಹಾಕಿದರೆ ಮಾತ್ರ ಅಷ್ಟು ದುಡ್ಡು ಬಿಲ್ಲಿನಿಂದ ಕಳೆಯುತ್ತದೆ.

ತಿಪಟೂರು ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿ ಹೆಂಡತಿಗೆ ಡೆಂಗಿ ಅಂತ ತಂದು ಸೇರಿಸಿದ್ದರು. ಕೊಬ್ಬರಿ ಲೆಕ್ಕದ ಉದ್ದನೆ ಪುಸ್ತಕ ಜೊತೆಯಲ್ಲೇ ಇತ್ತು. ರೂಮಿಗೆ ಬಂದ ಒಂದೊಂದು ಕವರನ್ನೂ ಅದರಲ್ಲಿ ಬರೆದರು. ಬಂದಿದ್ದು ಇಷ್ಟು, ಹಾಕಿದ್ದು ಇಷ್ಟು, ಉಳಿದಿದ್ದು ಇಷ್ಟು. ಡಿಸ್ಚಾರ್ಜ್ ದಿನ ಉಳಿದಿದ್ದನ್ನೆಲ್ಲ ಟವಲಿನಲ್ಲಿ ಕಟ್ಟಿಕೊಂಡು ಬಂದು ಕೌಂಟರಿನ ಮೇಲೆ ಬಿಚ್ಚಿದರು. "ನೋಡವ್ವಾ, ಕೊಬ್ರಿ ಹಂಗೇ ಇದೂನೂ. ಉಳಿಕೆ ವಾಪಸ್ ತಗಳವ್ವ" ಅಂದರು. ಎಣಿಸಿದರೆ ಎರಡು ಸಾವಿರದ ಮೇಲೆ ಕಡಿಮೆಯಾಯಿತು. ಆವತ್ತು ನಮ್ಮ ಮೆಡಿಕಲ್ಸ್ ಹುಡುಗ ಮುಖ ಗಂಟು ಹಾಕಿಕೊಂಡ. ನನಗೆ ಮಾತ್ರ ಅವರಿಗೆ ಕೈ ಮುಗಿಯಬೇಕು ಅನ್ನಿಸಿತು.

ಇನ್ನು ಡಾಕ್ಟರು ಬಂದ ಲೆಕ್ಕ. ದಿನಕ್ಕೆ ಎರಡು ವಿಸಿಟ್ ಅಂತ ತಾನಾಗಿ ಬೀಳುವ ಹಾಗೆ ಸಾಫ್ಟ್‌ವೇರ್ ಇಟ್ಟಿರುವ ಕಡೆ ಇದೆ. ಭಾನುವಾರ ಡಾಕ್ಟರು ಬಂದೇ ಇರುವುದಿಲ್ಲ, ಬಿಲ್ಲು ಬಂದಿರುತ್ತದೆ. ನಮ್ಮ ಅತ್ತೆಗೆ ನಾಲ್ಕು ದಿನದ ಫಿಸಿಯೋಥೆರಪಿ ಹಾಕಿದ್ದರು. ಬಂದಿದ್ದು ಎರಡೇ ದಿನ. ಕೇಳಲೋ ಬೇಡವೋ ಅಂತ ಅರ್ಧ ಗಂಟೆ ಕಾರಿಡಾರಿನಲ್ಲಿ ಓಡಾಡಿ, ಕೊನೆಗೆ ಕೇಳಿದೆ. ಆ ಹುಡುಗ ಮಾತೇ ಆಡದೆ ತೆಗೆದ. ಅಷ್ಟು ಸುಲಭವಾಗಿ ತೆಗೆದದ್ದು ನೋಡಿ ಸಮಾಧಾನಕ್ಕಿಂತ ಸಿಟ್ಟೇ ಜಾಸ್ತಿ ಬಂತು.

ರೂಮ್ ಬಾಡಿಗೆಯ ದಿನ ಎಲ್ಲಿಂದ ಎಲ್ಲಿಗೆ ಅಂತಲೂ ನೋಡಿ. ಕೆಲವು ಕಡೆ ಸೇರಿದ ಹೊತ್ತಿನಿಂದ 24 ಗಂಟೆ, ಕೆಲವು ಕಡೆ ಮಧ್ಯಾಹ್ನ ಹನ್ನೆರಡರಿಂದ ಹನ್ನೆರಡು. ರಾತ್ರಿ ಹನ್ನೊಂದಕ್ಕೆ ಸೇರಿದವರಿಗೆ ಇದರಿಂದ ಒಂದು ದಿನದ ಬಾಡಿಗೆ ಹೆಚ್ಚು ಕಡಿಮೆ ಆಗುತ್ತದೆ.

ಔಷಧಿಯನ್ನು ಅಲ್ಲೇ ತಗೋಬೇಕಾ?

ಹೊರಗಿನ ರೋಗಿಯಾಗಿ ತೋರಿಸಿದವರು ಚೀಟಿ ಹಿಡಿದುಕೊಂಡು ಎಲ್ಲಿ ಬೇಕಾದರೂ ತೆಗೆದುಕೊಳ್ಳಬಹುದು. ಯಾವ ಕಾನೂನೂ ತಡೆಯುವುದಿಲ್ಲ. ಚೀಟಿಯನ್ನೇ ಕೊಡದೆ ನೇರ ಕೆಳಗಿನ ಮೆಡಿಕಲ್ಸ್‌ಗೆ ಕಂಪ್ಯೂಟರಿನಲ್ಲಿ ಕಳಿಸುವ ಕಡೆ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಶುಗರ್, ಬಿಪಿ ಮಾತ್ರೆ ತಿಂಗಳು ತಿಂಗಳು ಬೇಕಾಗುವವರು ಡಾಕ್ಟರ ಹತ್ತಿರ ಔಷಧಿಯ ಮೂಲ ಹೆಸರನ್ನು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಬೆಲೆ ಅರ್ಧಕ್ಕಿಂತ ಕಡಿಮೆ ಬರುವುದೇ ಜಾಸ್ತಿ.

ಒಳಗೆ ಸೇರಿದವರ ವಿಷಯದಲ್ಲಿ ಆಸ್ಪತ್ರೆಯವರು ಗುಣಮಟ್ಟದ ಕಾರಣ ಹೇಳಿ ಹೊರಗಿನದನ್ನು ಒಪ್ಪುವುದಿಲ್ಲ. ಅವರ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ, ಸ್ವಲ್ಪ ವ್ಯಾಪಾರವೂ ಇದೆ. ಒಂದೊಂದಕ್ಕೆ ಸಾವಿರಾರು ರೂಪಾಯಿ ಆಗುವ ಇಂಜೆಕ್ಷನ್ ಆದರೆ ಡಾಕ್ಟರ ಹತ್ತಿರವೇ ಮಾತಾಡಿ. ಕೌಂಟರಿನವರ ಕೈಯಲ್ಲಿ ಅದು ಇರುವುದಿಲ್ಲ.

ಎಂಆರ್‌ಪಿ ಅಂದರೆ ಎಲ್ಲ ತೆರಿಗೆಯೂ ಸೇರಿದ ಬೆಲೆ. ಅದರ ಮೇಲೆ ಒಂದು ಪೈಸೆ ಹಾಕುವಂತಿಲ್ಲ.

ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದಾರೆ. ಸರಿನಾ?

ಕಾಯಿಲೆಯ ಚಿಕಿತ್ಸೆಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲ. ಬರುವುದು ಹೆಚ್ಚಾಗಿ ಒಂದು ಕಡೆ. ಐಸಿಯು ಬಿಟ್ಟು, ದಿನಕ್ಕೆ 5,000 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ರೂಮಿಗೆ ಶೇ 5. ಇದು 2022ರ ಜುಲೈ 18ರಿಂದ ಬಂದದ್ದು. ನಿಮ್ಮದು ಎರಡು ಸಾವಿರದ ರೂಮಾಗಿದ್ದು ಅದಕ್ಕೂ ಜಿಎಸ್‌ಟಿ ಹಾಕಿದ್ದರೆ ಕೇಳಿ.

ಸ್ಟೆಂಟ್, ಮಂಡಿ ಚಿಪ್ಪು, ರಾಡು, ಇವಕ್ಕೆಲ್ಲ ಬೆಲೆ ಅವರು ಹೇಳಿದ್ದೇ ಅಲ್ವಾ?

ಹೃದಯಕ್ಕೆ ಹಾಕುವ ಸ್ಟೆಂಟಿಗೆ 2017ರ ಫೆಬ್ರವರಿಯಿಂದ, ಮಂಡಿ ಬದಲಿಸುವ ಸಾಮಾನಿಗೆ ಅದೇ ವರ್ಷದ ಆಗಸ್ಟಿನಿಂದ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ಕಟ್ಟಿದೆ. ಸ್ಟೆಂಟಿನ ಹೆಸರು, ಬ್ಯಾಚ್ ನಂಬರು, ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿಯೇ ಬರೆಯಬೇಕು. ಯಾವ ಸಾಮಾನನ್ನು ಮೈಯೊಳಗೆ ಹಾಕಿದರೂ ಅದರ ಡಬ್ಬಿಯ ಮೇಲೆ ಸ್ಟಿಕರ್ ಇರುತ್ತದೆ. ಅದರ ಒಂದು ಪ್ರತಿಯನ್ನು ನಿಮ್ಮ ಡಿಸ್ಚಾರ್ಜ್ ಸಮ್ಮರಿಗೆ ಅಂಟಿಸಿ ಕೊಡಿ ಅನ್ನಿ. ಅತ್ತೆಯ ಕಾಲಿಗೆ ಹಾಕಿದ ರಾಡಿನ ಸ್ಟಿಕರ್ ಇವತ್ತಿಗೂ ನಮ್ಮ ಬೀರುವಿನಲ್ಲಿದೆ. ರೇಷನ್ ಕಾರ್ಡಿನ ಜೊತೆ.

ಬೆಳಿಗ್ಗೆ ಹತ್ತಕ್ಕೆ "ಮನೆಗೆ ಹೋಗ್ಬೋದು" ಅಂದರು. ಬಿಟ್ಟಿದ್ದು ಸಂಜೆ ಐದಕ್ಕೆ. ಅಷ್ಟು ಹೊತ್ತು ಏನು ಮಾಡ್ತಾರೆ?

ಡಾಕ್ಟರು ಬಾಯಲ್ಲಿ ಹೇಳಿ ಮುಂದಿನ ಬೆಡ್ಡಿಗೆ ಹೋಗುತ್ತಾರೆ. ಡಿಸ್ಚಾರ್ಜ್ ಸಮ್ಮರಿ ಬರೆಯುವುದು ಡ್ಯೂಟಿ ಡಾಕ್ಟರು. ಅವರಿಗೆ ರೌಂಡ್ಸ್ ಮುಗಿಯಬೇಕು. ಅದು ಟೈಪ್ ಆಗಬೇಕು, ದೊಡ್ಡ ಡಾಕ್ಟರ ಸಹಿ ಆಗಬೇಕು. ಅಷ್ಟರಲ್ಲಿ ಅವರು ಆಪರೇಷನ್ ಥಿಯೇಟರಿನೊಳಗೆ ಹೋಗಿರುತ್ತಾರೆ. ಫೈಲು ಕೆಳಗೆ ಬಂದ ಮೇಲೆ ಔಷಧಿ ರಿಟರ್ನ್, ಲ್ಯಾಬ್ ಬಾಕಿ, ಆಮೇಲೆ ಬಿಲ್ಲು. ಇನ್ಶೂರೆನ್ಸ್ ಇದ್ದರೆ ಇಷ್ಟೆಲ್ಲ ಆದ ಮೇಲೆ ಅವರಿಗೆ ಕಳಿಸಬೇಕು.

ಹಿಂದಿನ ದಿನ ಸಂಜೆಯೇ "ನಾಳೆ ಕಳಿಸೋ ಹಾಗಿದ್ರೆ ಸಮ್ಮರಿ ಇವತ್ತೇ ರೆಡಿ ಮಾಡ್ತೀರಾ ಸಿಸ್ಟರ್?" ಅಂತ ಒಂದು ಮಾತು ಹಾಕಿಡಿ. ರಿಟರ್ನ್ ಔಷಧಿಯನ್ನು ಬೆಳಿಗ್ಗೆಯೇ ಕೆಳಗೆ ಕಳಿಸಿ. ಇಷ್ಟರಲ್ಲೇ ಎರಡು ಗಂಟೆ ಉಳಿಯುತ್ತದೆ.

ಇನ್ಶೂರೆನ್ಸ್ ಇದೆ, ಕ್ಯಾಶ್‌ಲೆಸ್ ಅಂದರು. ಆದರೂ ಕೈಯಿಂದ 24 ಸಾವಿರ ಕಟ್ಟಿದೆವು. ಯಾಕೆ?

ಬಹುಶಃ ರೂಮಿನಿಂದ. ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 3,000 ಅಂತ ಮಿತಿ ಇದೆ ಅಂದುಕೊಳ್ಳಿ. ನೀವು 4,500ರ ರೂಮಿನಲ್ಲಿ ಮೂರು ದಿನ ಇದ್ದಿರಿ. "ಹೋಗ್ಲಿ ಬಿಡಿ, ಹೆಚ್ಚೆಂದರೆ 4,500 ನಾವು ಕಟ್ತೀವಿ" ಅಂತ ಲೆಕ್ಕ ಹಾಕಿರುತ್ತೀರಿ. ಆದರೆ ಕಂಪನಿಯವರು ಡಾಕ್ಟರ ಫೀಸು, ನರ್ಸಿಂಗ್, ಥಿಯೇಟರ್ ಬಾಡಿಗೆಯನ್ನೂ ಅದೇ ಅಳತೆಯಲ್ಲಿ, ಅಂದರೆ ಮೂರರಲ್ಲಿ ಎರಡು ಪಾಲು ಮಾತ್ರ ಕೊಡುತ್ತಾರೆ. ಇವೆಲ್ಲ ಸೇರಿ 60,000 ಆಗಿದ್ದರೆ ಅವರು ಕೊಡುವುದು 40,000. ರೂಮಿನ 4,500, ಇದರ 20,000. ಒಟ್ಟು 24,500 ನಿಮ್ಮ ತಲೆಗೆ ಬಂತು. ಔಷಧಿ, ಟೆಸ್ಟು, ಮೈಯೊಳಗೆ ಹಾಕಿದ ಸಾಮಾನಿಗೆ ಈ ಕಡಿತ ಬರುವಂತಿಲ್ಲ. ಬಂದಿದ್ದರೆ ಬರವಣಿಗೆಯಲ್ಲಿ ಕೇಳಿ.

ಕಂಪನಿಯವರು ಕ್ಯಾಶ್‌ಲೆಸ್ ಒಪ್ಪಿಗೆಯನ್ನು ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು ಅಂತ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಹೇಳಿದೆ. ಮೂರು ಗಂಟೆ ಮೀರಿ ಆಸ್ಪತ್ರೆ ಹೆಚ್ಚಿನ ಚಾರ್ಜ್ ಹಾಕಿದರೆ ಅದನ್ನು ಕಂಪನಿಯೇ ಹೊರಬೇಕು. ಈ ನಿಯಮ ಗೊತ್ತಿರುವವರ ಫೈಲು ಬೇಗ ಓಡುತ್ತದೆ. ಸುಳ್ಳಲ್ಲ, ನೋಡಿದ್ದೇನೆ.

ಬಿಪಿಎಲ್ ಕಾರ್ಡ್ ಇದೆ. ಆದ್ರೂ ಕಾರ್ಡ್ ಇಲ್ಲಿ ನಡೆಯಲ್ಲ ಅಂದರು.

ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಚಿಕಿತ್ಸೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೂ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಅವರಿಗೆ ಪ್ಯಾಕೇಜ್ ದರದ, ಅಂದರೆ ಯೋಜನೆಯಲ್ಲಿ ಆ ಚಿಕಿತ್ಸೆಗೆ ಕಟ್ಟಿದ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ.

ನಡೆಯಲ್ಲ ಅನ್ನುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲೇ ಇಲ್ಲ. ಎರಡು, ನೀವು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ (ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿ) ತಂದಿಲ್ಲ. ತುರ್ತು ಕಾಯಿಲೆಗಳ ಪಟ್ಟಿಯಲ್ಲಿದ್ದರೆ ರೆಫರಲ್ ಬೇಡ, ನೇರ ಸೇರಿಸಬಹುದು. ಮಿಕ್ಕಿದ್ದಕ್ಕೆ ಜಿಲ್ಲಾಸ್ಪತ್ರೆಗೆ ಹೋಗಿ, ಅಲ್ಲಿ ಆಗದ ಚಿಕಿತ್ಸೆ ಅಂತ ಬರೆಸಿಕೊಂಡು ಬರಬೇಕು. ಯೋಜನೆಯ ಆಸ್ಪತ್ರೆಯಲ್ಲಿ ಕಾರ್ಡಿನವರಿಗೆ ಸಹಾಯ ಮಾಡೋಕೆ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಸೇರಿದ ಮೊದಲ ದಿನವೇ ಅವರನ್ನು ಹುಡುಕಿ. ಎಲ್ಲ ದುಡ್ಡು ಕಟ್ಟಿ ಕೊನೆಗೆ ಕಾರ್ಡ್ ತೋರಿಸುವವರು ವಾರಕ್ಕೆ ಒಬ್ಬರಾದರೂ ಬರುತ್ತಿದ್ದರು. ಆಗ ನಮ್ಮ ಕೈಯಲ್ಲಿ ಏನೂ ಮಾಡೋಕಾಗುತ್ತಿರಲಿಲ್ಲ. ಬಿಪಿಎಲ್‌ನವರ ಚಿಕಿತ್ಸೆ ಪ್ಯಾಕೇಜಿನಲ್ಲಿ ಒಪ್ಪಿಗೆ ಆದ ಮೇಲೆ "ಇದೊಂದು ಮಾತ್ರ ಹೊರಗಡೆದು" ಅಂತ ಬೇರೆ ದುಡ್ಡು ಕೇಳುವಂತಿಲ್ಲ. ಕೇಳಿದರೆ ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಮಾಡಿ.

ಸಹಕಾರ ಸಂಘದ ಸದಸ್ಯರಾದ ರೈತರಿಗೆ ಯಶಸ್ವಿನಿ ಅನ್ನುವ ಆರೋಗ್ಯ ಯೋಜನೆ ಮತ್ತೆ ಶುರುವಾಗಿದೆ, 2023ರ ಜನವರಿಯಿಂದ. ನಾಲ್ಕು ಜನರ ಹಳ್ಳಿ ಕುಟುಂಬಕ್ಕೆ 500 ರೂಪಾಯಿ ಅಂತ ಶುರುಮಾಡಿದರು. ಹಾಲಿನ ಡೇರಿ ಸಂಘದ ಕಾರ್ಯದರ್ಶಿಯನ್ನು ಕೇಳಿದರೆ ನೋಂದಣಿ ಯಾವಾಗ ಅಂತ ಹೇಳುತ್ತಾರೆ. ಕಾಯಿಲೆ ಬಂದ ಮೇಲೆ ಕೇಳಿದರೆ ತಡವಾಗಿರುತ್ತದೆ.

ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವ ಮಕ್ಕಳು ಸಂಬಳದ ಚೀಟಿ ನೋಡಿಕೊಳ್ಳಿ. ಸಂಬಳ 21,000ದವರೆಗೆ ಇದ್ದು, ಶೇ 0.75 ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂತ ಕಳೆಯುತ್ತಿದ್ದರೆ ನಿಮಗೂ ಮನೆಯವರಿಗೂ ಚಿಕಿತ್ಸೆ ಇದೆ. ಎಷ್ಟೋ ಹುಡುಗರು ತಮ್ಮ ಸಂಬಳದಿಂದ ಕಟ್ಟಿದ್ದನ್ನೇ ಮರೆತು ಅಪ್ಪನ ಆಪರೇಷನ್ನಿಗೆ ಬಡ್ಡಿ ಸಾಲ ತಂದಿದ್ದಾರೆ.

ಜಿಲ್ಲಾಸ್ಪತ್ರೆಯಲ್ಲಿ ಎಲ್ಲ ಫ್ರೀ ಅಂತಾರೆ. ತಳ್ಳುಗಾಡಿಯವನಿಗೆ, ಹೆರಿಗೆ ವಾರ್ಡಿನ ಆಯಾಗೆ ಕೊಡಬೇಕಲ್ಲ?

ಕೊಡಬೇಕಿಲ್ಲ. ಆದರೂ ಎಲ್ಲರೂ ಕೊಡುತ್ತಾರೆ. ಗಂಡು ಮಗು ಆದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ದರ ಹೇಳಿದ್ದನ್ನು ನನ್ನ ತಂಗಿಯ ಹೆರಿಗೆಯಲ್ಲಿ ಕಿವಿಯಾರೆ ಕೇಳಿದ್ದೇನೆ. ಖುಷಿಗೆ ಕಾಫಿಗೆ ಕೊಡುವುದು ಬೇರೆ. ಕೊಟ್ಟರೆ ಮಾತ್ರ ಮಗು ತೋರಿಸುತ್ತೇವೆ ಅನ್ನುವುದು ಲಂಚ. 2022ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ರದ್ದಾದ ಮೇಲೆ ಇಂಥ ದೂರು ಲೋಕಾಯುಕ್ತ ಪೊಲೀಸರಿಗೇ ಹೋಗುತ್ತದೆ. ಅಷ್ಟು ದೂರ ಹೋಗುವ ಮುಂಚೆ ಆಸ್ಪತ್ರೆಯ ಜಿಲ್ಲಾ ಶಸ್ತ್ರಚಿಕಿತ್ಸಕರ ಕೊಠಡಿಗೆ ಹೋಗಿ, ವಾರ್ಡು ಮತ್ತು ಹೊತ್ತು ಬರೆದು ಒಂದು ಅರ್ಜಿ ಕೊಡಿ. ಬಾಯಿ ಮಾತಿಗಿಂತ ಚೀಟಿಗೆ ಹೆದರುತ್ತಾರೆ.

ಕೇಸ್ ಶೀಟ್ ಜೆರಾಕ್ಸ್ ಕೇಳಿದರೆ ಕೊಡಲ್ಲ ಅಂತಾರೆ.

ಕೊಡಲೇಬೇಕು. ಬರೆದು ಕೇಳಿದ 72 ಗಂಟೆಯೊಳಗೆ. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು ಅಂತಲೂ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಇದೆ. ಕೋರ್ಟಿಗೆ ಹೋಗುತ್ತಾರೆ ಅನ್ನುವ ಭಯ ಅವರಿಗೆ. "ಬೆಂಗಳೂರಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸ್ಬೇಕು" ಅಂದರೆ ಬೇಗ ಸಿಗುತ್ತದೆ.

ದುಡ್ಡು ಸಾಲದೆ ಬಂದರೆ ಪೇಷಂಟನ್ನು ಬಿಡಲ್ಲ ಅಂತ ಹೇಳಬಹುದಾ?

ಇಲ್ಲ. ಬಾಕಿ ಇದೆ ಅಂತ ಮನುಷ್ಯನನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಯಾವ ಆಸ್ಪತ್ರೆಗೂ ಇಲ್ಲ. ಬಾಕಿ ವಸೂಲಿಗೆ ಬೇರೆ ದಾರಿ ಇದೆ. ತೀರಿಹೋದವರ ದೇಹವನ್ನೂ ಬಿಲ್ಲು ಕಟ್ಟುವವರೆಗೆ ಕೊಡುವುದಿಲ್ಲ ಅನ್ನುವಂತಿಲ್ಲ. 2017ರ ತಿದ್ದುಪಡಿಯಲ್ಲಿ ಇದು ಸ್ಪಷ್ಟವಾಗಿದೆ. ಹಾಗೆ ಮಾಡಿದರೆ ಪೊಲೀಸರ 112ಕ್ಕೆ ಫೋನ್ ಮಾಡಿ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಬಾಕಿ ಉಳಿದಿದ್ದಕ್ಕೆ ಕೌಂಟರಿನವರ ಸಂಬಳ ಹಿಡಿದದ್ದೂ ಉಂಟು. ನನ್ನದೇ ಒಂದು ಸಲ 3,000 ಹಿಡಿದರು. ಮಧುಗಿರಿ ಕಡೆಯ ಒಬ್ಬ ಅಜ್ಜ "ನಾಳೆ ತಂದು ಕಟ್ತೀನಿ ಮಗಾ" ಅಂದಿದ್ದರು. ನಾಳೆ ಬರಲಿಲ್ಲ. ಒಂದೂವರೆ ತಿಂಗಳ ಮೇಲೆ ಬಂದರು, ದುಡ್ಡಿನ ಜೊತೆ ಒಂದು ಚೀಲ ಹುಣಸೆಹಣ್ಣು. ಮ್ಯಾನೇಜರು ದುಡ್ಡು ತೆಗೆದುಕೊಂಡರು. ನನ್ನ 3,000 ವಾಪಸ್ ಬರಲಿಲ್ಲ. ಹುಣಸೆಹಣ್ಣು ಮಾತ್ರ ನಾನು ಬಿಟ್ಟುಕೊಡಲಿಲ್ಲ.

ದುಡ್ಡು ಕಡಿಮೆ ಬಿದ್ದರೆ ಡಿಸ್ಚಾರ್ಜ್ ದಿನದವರೆಗೆ ಮುಚ್ಚಿಡಬೇಡಿ. ಎರಡನೇ ದಿನವೇ ಡಾಕ್ಟರಿಗೆ ಹೇಳಿ. ತಮ್ಮ ಫೀಸನ್ನು ಬಿಟ್ಟುಕೊಡುವ ಅಧಿಕಾರ ಅವರಿಗಿದೆ, ಕೌಂಟರಿಗಿಲ್ಲ. "ಇವರ ವಿಸಿಟ್ ತೆಗೆದುಬಿಡಮ್ಮ" ಅಂತ ಚೀಟಿ ಬರೆದು ಕಳಿಸುವ ಡಾಕ್ಟರುಗಳು ನಮ್ಮಲ್ಲಿ ಇಬ್ಬರಿದ್ದರು.

ಕೌಂಟರಿನಲ್ಲಿ ಕೂತವರು ಯಾಕೆ ಅಷ್ಟು ಸಿಡುಕುತ್ತಾರೆ?

ಹನ್ನೆರಡು ಗಂಟೆ ಡ್ಯೂಟಿ. ಸಂಜೆ ಕ್ಯಾಶ್ ಕಡಿಮೆ ಬಂದರೆ ಕೈಯಿಂದ ಹಾಕಬೇಕು. ಡಾಕ್ಟರ ಮೇಲಿನ ಸಿಟ್ಟು, ಸಿಸ್ಟರ್ ಮೇಲಿನ ಸಿಟ್ಟು, ಲಿಫ್ಟ್ ಕೆಟ್ಟಿದ್ದರ ಸಿಟ್ಟು, ಎಲ್ಲ ಇಳಿಯುವುದು ಅಲ್ಲೇ. ಇದೆಲ್ಲ ಕಾರಣ ಅಷ್ಟೇ, ಸಮರ್ಥನೆ ಅಲ್ಲ. ನಾನೂ ಸಿಡುಕಿದ್ದೇನೆ. ಕಿವಿ ಕೇಳದ ಒಬ್ಬ ಅಜ್ಜಿಗೆ ಮೂರು ಸಲ ಹೇಳಿ ನಾಲ್ಕನೇ ಸಲ ಕಿರುಚಿದ್ದು ಈಗಲೂ ಚುಚ್ಚುತ್ತದೆ.

ದೂರು ಕೊಡಲೇಬೇಕು ಅಂದರೆ ಎಲ್ಲಿಗೆ?

ಮೊದಲು ಆಸ್ಪತ್ರೆಯ ಮ್ಯಾನೇಜರಿಗೆ ಬರೆದು ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಗೆಹರಿಯದಿದ್ದರೆ ಕೆಪಿಎಂಇ ಜಿಲ್ಲಾ ಪ್ರಾಧಿಕಾರ. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಾರ್ಯದರ್ಶಿ. ಅರ್ಜಿಯನ್ನು ಡಿಎಚ್‌ಒ ಕಚೇರಿಗೆ ಕೊಡಬೇಕು. ಬಿಲ್ಲು, ರಸೀದಿ, ದರಪಟ್ಟಿಯ ಫೋಟೋ ಜೊತೆಗಿರಲಿ.

ದುಡ್ಡು ವಾಪಸ್ ಬೇಕು ಅಂದರೆ ಗ್ರಾಹಕರ ಆಯೋಗ. ದುಡ್ಡು ಪಡೆದು ಕೊಡುವ ಚಿಕಿತ್ಸೆಯೂ ಸೇವೆಯೇ ಅಂತ ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪು ಕೊಟ್ಟಿದೆ. ನೀವು ಕಟ್ಟಿದ್ದು 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲೇ ಆಗುತ್ತದೆ. 5 ಲಕ್ಷದವರೆಗೆ ದೂರಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ವಕೀಲರು ಇಲ್ಲದೆಯೂ ಹಾಕಬಹುದು. ಮೊದಲು ಸುಮ್ನೆ ವಿಚಾರಿಸಿಕೊಳ್ಳಬೇಕು ಅಂದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಡಾಕ್ಟರ ಮೇಲೋ ಸಿಸ್ಟರ್ ಮೇಲೋ ಕೈ ಮಾತ್ರ ಮಾಡಬೇಡಿ. ಆಮೇಲೆ ನಿಮ್ಮ ಬಿಲ್ಲಿನ ತಪ್ಪನ್ನು ಯಾರೂ ನೋಡುವುದಿಲ್ಲ, ನಿಮ್ಮ ಮೇಲಿನ ಕೇಸನ್ನೇ ನೋಡುತ್ತಾರೆ.

ಮನೆಗೆ ಹೊರಡುವಾಗ ಏನೇನು ಕೈಯಲ್ಲಿರಬೇಕು?

ಸಾಲು ಸಾಲಾಗಿ ಬಿಡಿಸಿ ಬರೆದ ಬಿಲ್ಲು, ಬರೀ ಒಟ್ಟು ಮೊತ್ತದ್ದಲ್ಲ. ಕಟ್ಟಿದ ಎಲ್ಲ ರಸೀದಿ. ಸಹಿ ಸೀಲು ಇರುವ ಡಿಸ್ಚಾರ್ಜ್ ಸಮ್ಮರಿ. ಎಕ್ಸ್‌ರೇ, ಸ್ಕ್ಯಾನ್ ಫಿಲ್ಮುಗಳು. ಅವನ್ನು ವಾರ್ಡಿನ ಹಾಸಿಗೆ ಕೆಳಗೆ ಇಟ್ಟು ಮರೆಯುವವರೇ ಜಾಸ್ತಿ. ಸಿಸ್ಟರ್ ಹತ್ತಿರ ಯಾವ ಮಾತ್ರೆ ಯಾವ ಹೊತ್ತಿಗೆ ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ. ಊಟಕ್ಕೆ ಮುಂಚೆಯಾ ಆಮೇಲಾ ಅಂತಲೂ ಕೇಳಿ. ಕೈಗೆ ಚುಚ್ಚಿದ ಸೂಜಿ ತೆಗೆದಿದ್ದಾರಾ ಅಂತ ಒಂದು ಸಲ ನೋಡಿಕೊಳ್ಳಿ. ನಗಬೇಡಿ. ಅದನ್ನು ಹಾಗೇ ಇಟ್ಟುಕೊಂಡು ಕೊರಟಗೆರೆ ಬಸ್ಸು ಹತ್ತಿ, ಊರು ಮುಟ್ಟಿದ ಮೇಲೆ ಫೋನ್ ಮಾಡಿದವರಿದ್ದಾರೆ.